ಬ್ಲೂಬೆರಿ ಸ್ಮೂದಿ ಅರ್ಧ ಗಂಟೆಗೆ ಜೆಲ್ಲಿ ಆಗುತ್ತೆ, ಸಿಪ್ಪೆ ಹಲ್ಲಿಗೆ ಸಿಗುತ್ತೆ. ಎಲ್ಲಿ ತಪ್ಪು?

ಗಾಜಿನಲೋಟ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬ್ಲೂಬೆರಿ ಸ್ಮೂದಿ ಮಾಡಿ ಕೈಪಳಗಿದವರು ಸ್ವಲ್ಪ ಬಿಡಿಸಿ ಹೇಳಿ. ಸದ್ಯದ ಅಳತೆ ಹೀಗಿದೆ: ತಾಜಾ ಬ್ಲೂಬೆರಿ 200 ಗ್ರಾಂ, ಹಾಲು 150 ಮಿ.ಲೀ., ಚಿಯಾ ಬೀಜ 1 ದೊಡ್ಡ ಚಮಚ, ಜೇನುತುಪ್ಪ 2 ಸಣ್ಣ ಚಮಚ. ಎಲ್ಲವನ್ನೂ ಒಟ್ಟಿಗೆ ಜಾರಿಗೆ ಹಾಕಿ ಒಂದು ನಿಮಿಷ ಜೋರು ಸ್ಪೀಡಿನಲ್ಲಿ ತಿರುಗಿಸೋದು. ತೊಂದರೆಗಳು:

ಅರ್ಧ ಗಂಟೆ ಬಿಟ್ಟರೆ ಲೋಟ ಬಗ್ಗಿಸಿದರೂ ಬೀಳದಷ್ಟು ಗಟ್ಟಿ. ಬಣ್ಣ ನೇರಳೆ ಬರೋದಿಲ್ಲ, ಬೂದಿಗೆ ಚೂರು ನೀಲಿ ಕಲಸಿದ ಹಾಗೆ ಇರುತ್ತೆ. ನಿಂಬೆರಸ ಹಿಂಡಿದರೆ ಬಣ್ಣ ಸರಿಹೋಗುತ್ತೆ ಅಂತ ಎಲ್ಲೋ ಓದಿ 1 ದೊಡ್ಡ ಚಮಚ ಹಾಕಿದ್ದಾಯ್ತು. ಬಣ್ಣವೇನೋ ತಿರುಗಿತು, ಆದರೆ ಲೋಟದ ಅಂಚಿಗೆಲ್ಲ ಬಿಳಿ ಬಿಳಿ ಚುಕ್ಕೆ. ಸಿಪ್ಪೆಯ ಚೂರು ಹಲ್ಲಿಗೆ ಅಂಟುತ್ತೆ. ಜೇನುತುಪ್ಪ ಜಾರಿನ ತಳದಲ್ಲೇ ಉಳಿಯುತ್ತೆ.

ಫ್ರೋಜನ್ ಹಣ್ಣಿಗೆ ಹೋಗೋದೇ ವಾಸಿಯಾ? ರಾತ್ರಿ ಮಾಡಿಟ್ಟು ಬೆಳಿಗ್ಗೆ ಕುಡಿಯಬಹುದಾ?

---

ಸಿಪ್ಪೆಸಹಿತ:

ನೀವು ಬರೆದಿರೋ ತೊಂದರೆಗಳಲ್ಲಿ ಜೇನುತುಪ್ಪದ್ದೊಂದು ಬಿಟ್ಟರೆ ಉಳಿದಿದ್ದೆಲ್ಲ ಬಹುಮಟ್ಟಿಗೆ ಸಿಪ್ಪೆಯ ಕಡೆಯಿಂದಲೇ ಬಂದಿದ್ದು. ಒಂದು ಬ್ಲೂಬೆರಿಯನ್ನು ಅಡ್ಡಕ್ಕೆ ಕೊಯ್ದು ನೋಡಿ. ಒಳಗಿನ ತಿರುಳು ತಿಳಿಹಸಿರು, ಬಣ್ಣವೇ ಇಲ್ಲ. ನೀಲಿ ಇರೋದು ಸಿಪ್ಪೆಯಲ್ಲಿ, ಒಗರು ಇರೋದು ಸಿಪ್ಪೆಯಲ್ಲಿ, ಗಟ್ಟಿ ಮಾಡೋ ಪೆಕ್ಟಿನ್ನಿನ ದೊಡ್ಡ ಪಾಲೂ ಅಲ್ಲೇ. ಮಾವಿನಹಣ್ಣಿನ ಸ್ಮೂದಿ ಮಾಡುವಾಗ ಸಿಪ್ಪೆ ಬಿಸಾಕಿ ತಿರುಳು ರುಬ್ಬುತ್ತೀವಿ. ಇಲ್ಲಿ ಲೆಕ್ಕ ತಿರುಗುಮುರುಗು: ಸಿಪ್ಪೆಯನ್ನು ಸರಿಯಾಗಿ ಅರೆದರೆ ಸ್ಮೂದಿ ಆಯ್ತು, ಇಲ್ಲದಿದ್ದರೆ ಅದು ಹಾಲಿನಲ್ಲಿ ತೇಲೋ ಸಿಪ್ಪೆ.

ಒಟ್ಟಿಗೆ ಸುರಿಯೋದನ್ನ ಮೊದಲು ನಿಲ್ಲಿಸಿ. ಹಾಲು, ಜೇನು, ಚಿಯಾ ಎಲ್ಲ ಸೇರಿ ಮಿಶ್ರಣ ಮಂದವಾದ ಮೇಲೆ ಸಿಪ್ಪೆಯ ಚೂರುಗಳು ಬ್ಲೇಡಿಗೆ ಸಿಗದೆ ಅದರ ಜೊತೆ ಸುತ್ತುತ್ತಾ ಇರುತ್ತವೆ. ಹಣ್ಣು ಮತ್ತು ಸ್ವಲ್ಪ ನೀರು ಮಾತ್ರ ಇದ್ದಾಗ ಮತ್ತೆ ಮತ್ತೆ ಬ್ಲೇಡಿನ ಬಾಯಿಗೆ ಬೀಳುತ್ತವೆ. ಆದ್ದರಿಂದ ಎರಡು ಹಂತ.

ಎರಡು ಲೋಟಕ್ಕೆ, ಅಂದರೆ ಸುಮಾರು ಅರ್ಧ ಲೀಟರಿಗೆ, ಈ ಅಳತೆ ನಂಬಬಹುದು: ಫ್ರೋಜನ್ ಬ್ಲೂಬೆರಿ 150 ಗ್ರಾಂ (ಅಳತೆಯ ಕಪ್ಪಿನಲ್ಲಿ ತಲೆತಟ್ಟಿ ಒಂದು ಕಪ್), ತಣ್ಣೀರು 100 ಮಿ.ಲೀ., ಗಟ್ಟಿ ಮೊಸರು 150 ಗ್ರಾಂ, ಮಾಗಿದ ಬಾಳೆಹಣ್ಣು ಅರ್ಧ (60 ಗ್ರಾಂ ಆಸುಪಾಸು), ಓಟ್ಸ್ ಒಂದೂವರೆ ದೊಡ್ಡ ಚಮಚ, ನಿಂಬೆರಸ 1 ಸಣ್ಣ ಚಮಚ, ಒಂದು ಚಿಟಿಕೆ ಉಪ್ಪು. ತೆಳ್ಳಗೆ ಬೇಕಿದ್ದವರಿಗೆ ಕೊನೆಯಲ್ಲಿ 50ರಿಂದ 80 ಮಿ.ಲೀ. ತಣ್ಣನೆ ಹಾಲು.

ಹಣ್ಣನ್ನು ಫ್ರೀಜರಿನಿಂದ ತೆಗೆದು 8–10 ನಿಮಿಷ ಹೊರಗಿಡಿ. ಬೆರಳಲ್ಲಿ ಒತ್ತಿದರೆ ಮೇಲ್ಮೈ ಚೂರು ತಗ್ಗಬೇಕು, ಒಳಗೆ ಇನ್ನೂ ಗಟ್ಟಿ ಇರಬೇಕು. ಅದು ಹದ. ಅಷ್ಟರಲ್ಲಿ ಓಟ್ಸನ್ನು ಒಣಗಿದ ಜಾರಿನಲ್ಲಿ ಒಂಟಿಯಾಗಿ 15–20 ಸೆಕೆಂಡು ತಿರುಗಿಸಿ ಹಿಟ್ಟು ಮಾಡಿಕೊಳ್ಳಿ. ಒದ್ದೆಯಾದ ಮೇಲೆ ಓಟ್ಸ್ ಪುಡಿಯಾಗೋದಿಲ್ಲ, ನುಚ್ಚಿನ ಹಾಗೆ ಬಾಯಿಗೆ ಸಿಗುತ್ತೆ. ಆ ಹಿಟ್ಟಿನ ಮೇಲೆ ನೀರು, ಉಪ್ಪು, ಆಮೇಲೆ ಹಣ್ಣು. ಒಂದೊಂದು ಸೆಕೆಂಡಿನ ಪಲ್ಸ್ ಐದಾರು ಸಲ. ಹಣ್ಣು ಒಡೆದ ಸದ್ದು ನಿಂತು ಒಂದೇ ಸಮನೆ ಗುಂಯ್ ಅನ್ನತೊಡಗಿದ ಮೇಲೆ ಪೂರ್ತಿ ಸ್ಪೀಡಿನಲ್ಲಿ 45ರಿಂದ 60 ಸೆಕೆಂಡು.

ಇಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿ, ಇದನ್ನ ತಪ್ಪಿಸಬೇಡಿ. ಅರ್ಧ ಚಮಚ ತೆಗೆದು ಬಿಳಿ ತಟ್ಟೆಯ ಮೇಲೆ ಚಮಚದ ಬೆನ್ನಿನಿಂದ ತೆಳ್ಳಗೆ ಎಳೆಯಿರಿ. ಮೆಣಸಿನ ಪುಡಿಯಷ್ಟು ಸಣ್ಣ ಕಪ್ಪು ಚುಕ್ಕೆ ಕಂಡರೆ ಪರವಾಗಿಲ್ಲ. ಉಗುರಿನ ಚೂರಿನಂತೆ ಸುರುಳಿ ಸುತ್ತಿದ ಸಿಪ್ಪೆ ಕಂಡರೆ ಇನ್ನೊಂದು 20 ಸೆಕೆಂಡು. ಮೊಸರು ಬಿದ್ದ ಮೇಲೆ ಎಷ್ಟು ತಿರುಗಿಸಿದರೂ ಆ ಸುರುಳಿ ಹೋಗೋದಿಲ್ಲ.

ಆಮೇಲೆ ಮೊಸರು, ಬಾಳೆಹಣ್ಣು ಹಾಕಿ ಮಧ್ಯಮ ಸ್ಪೀಡಿನಲ್ಲಿ 20 ಸೆಕೆಂಡು. ನಿಂಬೆರಸ ಕಟ್ಟಕಡೆಗೆ, ಮಿಕ್ಸಿ ನಿಲ್ಲಿಸಿ ಚಮಚದಲ್ಲಿ ತಿರುಗಿಸಿದರೆ ಸಾಕು.

ಇಷ್ಟಾದ ಮೇಲೂ ನಾಲಿಗೆಗೆ ತೀರಾ ಸಣ್ಣ ಮರಳಿನಂಥದ್ದು ತಾಕಿದರೆ ಅದು ಬೀಜ ಮತ್ತು ತಿರುಳಿನಲ್ಲೇ ಇರುವ ಕಲ್ಲುಕೋಶಗಳು. ಅದನ್ನ ಮನೆಯ ಮಿಕ್ಸಿ ಅರೆಯಲ್ಲ. ಬೇಡವಾದರೆ ಸೋಸಬೇಕು. ಸೋಸಿದರೆ ನಾರು, ಬಣ್ಣ ಎರಡೂ ಜರಡಿಯಲ್ಲಿ ಉಳಿಯುತ್ತವೆ, ಹಾಗಾಗಿ ಆ ದಾರಿ ಅಷ್ಟೇನೂ ಒಳ್ಳೇದಲ್ಲ.

---

ಚಮಚಲೆಕ್ಕ:

ಜೆಲ್ಲಿ ಬಗ್ಗೆ: ಸಿಪ್ಪೆಸಹಿತ ಅವರು ಪೆಕ್ಟಿನ್ ಮೇಲೆ ಹಾಕಿದ್ದಾರೆ, ಅರ್ಧ ಸರಿ. ಇನ್ನರ್ಧ ಚಿಯಾ. ಲೆಕ್ಕ ಹಾಕಿ. ಒಂದು ದೊಡ್ಡ ಚಮಚ ಚಿಯಾ ಅಂದರೆ ಹತ್ತಿರ ಹತ್ತಿರ 12 ಗ್ರಾಂ. ಅದು ತನ್ನ ತೂಕದ ಸುಮಾರು ಹತ್ತರಷ್ಟು ನೀರು ಹೀರುತ್ತೆ. ನಿಮ್ಮ 150 ಮಿ.ಲೀ. ಹಾಲಿನಲ್ಲಿ 120 ಮಿ.ಲೀ.ಗೆ ಚಿಯಾನೇ ಹಕ್ಕುದಾರ! ಉಳಿದ 30ರಲ್ಲಿ ಲೋಟ ಬಗ್ಗಿಸಿದರೆ ಏನು ಬಿದ್ದೀತು?

ಯಾರ ಕೈವಾಡ ಅಂತ ಕಂಡುಹಿಡಿಯೋದು ಸುಲಭ. ಗಟ್ಟಿಯಾದ ಸ್ಮೂದಿಯಲ್ಲಿ ಚಮಚ ಅದ್ದಿ ಮೇಲೆತ್ತಿ. ಲೋಳೆಲೋಳೆಯಾಗಿ ಎಳೆ ಬಂದರೆ ಚಿಯಾ. ಎಳೆ ಬರದೆ ಚಮಚ ಹೋದ ಜಾಗದಲ್ಲಿ ಹಳ್ಳ ಹಾಗೇ ನಿಂತು, ಅಂಚು ಲೋಟದಿಂದ ಬಿಟ್ಟುಕೊಂಡರೆ ಪೆಕ್ಟಿನ್. ಪೆಕ್ಟಿನ್ನಿನ ಗಟ್ಟಿತನ ಬಲು ದುರ್ಬಲ. ಮುಚ್ಚಳ ಹಾಕಿ ಹತ್ತು ಸೆಕೆಂಡು ಜೋರಾಗಿ ಕುಲುಕಿದರೆ ಒಡೆದು ಮತ್ತೆ ಹರಿಯುತ್ತೆ. ಚಿಯಾ ಹಾಗಲ್ಲ, ಅದಕ್ಕೆ ನೀರೇ ಬೇಕು.

ಜಾಮ್ ಗಟ್ಟಿಯಾಗೋದು ಪೆಕ್ಟಿನ್, ಹುಳಿ, ಸಕ್ಕರೆ ಮೂರೂ ಕೂಡಿದಾಗ. ಬ್ಲೂಬೆರಿಯಲ್ಲಿ ಮೊದಲೆರಡು ಹುಟ್ಟಿನಿಂದಲೇ ಇವೆ, ಮೂರನೆಯದನ್ನು ಜೇನುತುಪ್ಪ ಅಂತ ನೀವು ಕೊಡ್ತಾ ಇದ್ದೀರಿ. ಜಾಮಿನಷ್ಟು ಸಕ್ಕರೆ ಇಲ್ಲವಾದ್ದರಿಂದ ಪೂರ್ತಿ ಕಟ್ಟೋದಿಲ್ಲ, ಆದರೂ ಸುಮ್ಮನೆ ಬಿಟ್ಟಷ್ಟೂ ಮಂದ ಆಗುತ್ತಾ ಹೋಗುತ್ತೆ.

ಪರಿಹಾರ ಸರಳ: ಗಟ್ಟಿ ಮಾಡುವ ವಸ್ತು ಒಂದೇ ಇರಲಿ. ಓಟ್ಸ್ ಹಾಕಿದರೆ ಚಿಯಾ ಬೇಡ. ಚಿಯಾ ಬೇಕೇಬೇಕು ಅಂದರೆ 1 ಸಣ್ಣ ಚಮಚಕ್ಕೆ ಇಳಿಸಿ, 40 ಮಿ.ಲೀ. ನೀರು ಹೆಚ್ಚಿಗೆ ಹಾಕಿ. ಜೊತೆಗೆ ಅದನ್ನ ರುಬ್ಬಬೇಡಿ, ಕೊನೆಗೆ ಕಲಸಿ. ಪುಡಿಯಾದ ಚಿಯಾ ಇನ್ನೂ ಬೇಗ ಹೀರುತ್ತೆ.

ಬಿಳಿ ಚುಕ್ಕೆ ಒಡೆದ ಹಾಲು, ಬೇರೇನಲ್ಲ. ಹಾಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6.7ರ ಹತ್ತಿರ. ಅದು 4.6ಕ್ಕೆ ಇಳಿದಾಗ ಹಾಲಿನ ಪ್ರೋಟೀನ್ ಕೇಸೀನ್ ಹೆಪ್ಪುಗಟ್ಟುತ್ತೆ. ಬ್ಲೂಬೆರಿ ತಾನೇ ಹುಳಿ, ಅದರ ಮೇಲೆ ಒಂದು ದೊಡ್ಡ ಚಮಚ ನಿಂಬೆರಸ ಬಿದ್ದರೆ ಹಾಲು ಇನ್ನೆಷ್ಟು ತಡೆದೀತು? ಮೊಸರಾದರೆ ಈಗಾಗಲೇ ಹುಳಿಯಾಗಿ ಹೆಪ್ಪುಗಟ್ಟಿರೋದೇ, ಮತ್ತೆ ಒಡೆಯೋ ಪ್ರಶ್ನೆ ಇಲ್ಲ. ಸೋಯಾ ಹಾಲೂ ಹುಳಿಗೆ ಒಡೆಯುತ್ತೆ ಅನ್ನೋದು ನೆನಪಿರಲಿ. ಹಾಲೇ ಬೇಕಿದ್ದವರು ನಿಂಬೆ ಬಿಟ್ಟು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲನ್ನು ಕೊನೆಗೆ ಹಾಕಿ ಕೂಡಲೇ ಕುಡಿಯಬೇಕು. ತಣ್ಣಗಿದ್ದಷ್ಟು ಹೊತ್ತು ಒಡೆಯೋದು ನಿಧಾನ. ಉಗುರುಬೆಚ್ಚಗಿನ ಹಾಲಂತೂ ಬೇಡವೇ ಬೇಡ.

---

ಒಗರುಸಿಹಿ:

ಬಣ್ಣದ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಸಿಪ್ಪೆಯ ನೀಲಿ ಅಂದರೆ ಆಂಥೋಸಯಾನಿನ್. ಅದು ಹುಳಿಯಲ್ಲಿ ಕೆಂಪು, ಹುಳಿ ಕಮ್ಮಿಯಾದಂತೆ ನೇರಳೆ, ಕ್ಷಾರಕ್ಕೆ ಹೋದರೆ ನೀಲಿ, ಹಸಿರು. ರುಬ್ಬಿದ ಹಣ್ಣಿನ ರಸವನ್ನು ಮೂರು ಬಟ್ಟಲಿಗೆ ಒಂದೊಂದು ಚಮಚ ಹಾಕಿ, ಒಂದಕ್ಕೆ ನಾಲ್ಕು ಹನಿ ನಿಂಬೆರಸ, ಒಂದಕ್ಕೆ ಹಾಲು, ಒಂದಕ್ಕೆ ಅಡುಗೆ ಸೋಡಾ ಚಿಟಿಕೆ ಹಾಕಿ ನೋಡಿ, ಎರಡೇ ನಿಮಿಷದಲ್ಲಿ ಎಲ್ಲ ಅರ್ಥ ಆಗುತ್ತೆ. ಹಾಲಿನದು ಬೂದಿಗೆ ತಿರುಗಿರುತ್ತೆ. ಹಾಲು ಹುಳಿಯನ್ನು ತಗ್ಗಿಸಿತು, ಮೇಲಿಂದ ತನ್ನ ಬಿಳುಪನ್ನೂ ಸೇರಿಸಿತು. ಮೊಸರಿನ ಪಿಎಚ್ 4.5ರ ಆಸುಪಾಸು ಇರೋದರಿಂದ ಬಣ್ಣ ಗುಲಾಬಿ ಮಿಶ್ರಿತ ನೇರಳೆಯಲ್ಲೇ ನಿಲ್ಲುತ್ತೆ.

ಪಾಲಕ್ ಸೇರಿಸೋರು ಗಮನಿಸಿ: ಹಸಿರು, ನೇರಳೆ ಸೇರಿದರೆ ಕೆಸರು ಬಣ್ಣ. ರುಚಿಗೆ ದೋಷ ಇಲ್ಲ, ಕಣ್ಣಿಗೆ ಮಾತ್ರ. 150 ಗ್ರಾಂ ಹಣ್ಣಿಗೆ 15–20 ಗ್ರಾಂ ಎಲೆ ದಾಟದಿದ್ದರೆ ನೇರಳೆಯೇ ಗೆಲ್ಲುತ್ತೆ.

ಒಗರಿಗೆ ಸಕ್ಕರೆ ಸುರಿಯಬೇಡಿ. ಮೊಸರಿನ ಪ್ರೋಟೀನ್ ಒಗರನ್ನು ಹಿಡಿದುಕೊಳ್ಳುತ್ತೆ, ಚಿಟಿಕೆ ಉಪ್ಪು ಕಹಿಯನ್ನು ಅಡಗಿಸುತ್ತೆ. ಇವೆರಡೂ ಆದ ಮೇಲೆ ರುಚಿ ನೋಡಿ ಸಿಹಿ ಸೇರಿಸಿ. ಇನ್ನೊಂದು, ತೀರಾ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಅನ್ನಿಸುತ್ತೆ. ಜಾರಿನಿಂದ ತೆಗೆದ ಕೂಡಲೇ ಸಪ್ಪೆ ಅಂತ ಮತ್ತೆ ಎರಡು ಚಮಚ ಹಾಕಿದರೆ, ಐದು ನಿಮಿಷ ಬಿಟ್ಟು ಕುಡಿಯುವಾಗ ಪಾನಕ ಆಗಿರುತ್ತೆ.

ಜೇನುತುಪ್ಪ ತಣ್ಣನೆಯದಕ್ಕೆ ಬಿದ್ದರೆ ದಾರದಂತೆ ಬಿಗಿದು ಬ್ಲೇಡಿನ ಬುಡಕ್ಕೆ ಅಂಟುತ್ತೆ. 2 ಚಮಚ ಸಾಧಾರಣ ಬಿಸಿಯ ನೀರಿನಲ್ಲಿ ಮೊದಲೇ ಕದಡಿಟ್ಟು, ಮೊದಲ ಹಂತದ ನೀರಿನ ಜೊತೆ ಹಾಕಿ. ಖರ್ಜೂರ ಆದರೆ ಬೀಜ ತೆಗೆದು ಬಿಸಿನೀರಿನಲ್ಲಿ 10 ನಿಮಿಷ ನೆನೆಸಿ, ಆ ನೀರನ್ನೂ ಬಳಸಿಕೊಳ್ಳಿ.

---

ಜಾರ್‌ಮುಚ್ಚಳ:

ಯಾವ ಯಂತ್ರ ಅಂತ ಹೇಳಲೇ ಇಲ್ಲ ನೀವು. ಅದರ ಮೇಲೆ ಕ್ರಮ ಬದಲಾಗುತ್ತೆ.

ಬ್ಲೇಡು ಕೆಳಗಿರೋ ನಿಂತ ಜಾರಾದರೆ ನೀರು ತಳಕ್ಕೆ, ಗಟ್ಟಿ ಹಣ್ಣು ಮೇಲಕ್ಕೆ. ತುಂಬಿಸಿ ತಲೆಕೆಳಗು ಮಾಡಿ ಕೂರಿಸೋ ಸಣ್ಣ ಬ್ಲೆಂಡರಾದರೆ ಉಲ್ಟಾ: ಹಣ್ಣು ಮೊದಲು, ನೀರು ಕೊನೆಗೆ. ತಿರುಗಿಸಿದಾಗ ನೀರೇ ಬ್ಲೇಡಿನ ಹತ್ತಿರ ಬರಬೇಕು, ಅಷ್ಟೇ ಸೂತ್ರ. ಸಿಪ್ಪೆಸಹಿತ ಅವರು ಹೇಳಿದ ಎರಡು ಹಂತ ಇದರಲ್ಲೂ ಆಗುತ್ತೆ, ಮಧ್ಯೆ ಒಂದು ಸಲ ಬಿಚ್ಚಬೇಕು. ಬಿಚ್ಚೋ ಮುಂಚೆ ನೆಟ್ಟಗೆ ಮಾಡಿ ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿ, ಇಲ್ಲದಿದ್ದರೆ ಬ್ಲೇಡಿನ ತಟ್ಟೆಯಲ್ಲಿ ಕೂತಿರೋದೆಲ್ಲ ಮೇಜಿನ ಮೇಲೆ.

ಮೋಟರ್ ಓಡ್ತಾ ಇದೆ, ಸದ್ದು ಒಮ್ಮೆಲೇ ಹಗುರಾಗಿ ಏರಿತು, ಮೇಲಿನ ಹಣ್ಣು ಅಲ್ಲಾಡ್ತಾ ಇಲ್ಲ. ಅಂದರೆ ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕೂತಿದೆ, ಬ್ಲೇಡು ಗಾಳಿಯನ್ನೇ ಕಡೀತಾ ಇದೆ. ಹಾಗೇ ಬಿಟ್ಟರೆ ಸ್ಮೂದಿ ಆಗಲ್ಲ, ಮೋಟರ್ ಬಿಸಿ ಆಗುತ್ತೆ. ನಿಲ್ಲಿಸಿ, ಪ್ಲಗ್ ತೆಗೆದು, ಉದ್ದ ಚಮಚದಿಂದ ನಡುವೆ ಒಂದು ತೂತು ಮಾಡಿ, 2 ದೊಡ್ಡ ಚಮಚ ನೀರು ಆ ತೂತಿಗೇ ಬಿಡಿ. ಮತ್ತೆ ಪಲ್ಸಿನಿಂದ ಶುರು. ನೀರನ್ನು ಒಂದೇ ಸಲ ಅರ್ಧ ಲೋಟ ಸುರಿದರೆ ಗುಳ್ಳೆ ಹೋಗುತ್ತೆ, ಜೊತೆಗೆ ಹದವೂ ಹೋಗುತ್ತೆ.

ಓವರ್‌ಲೋಡ್ ಆಗಿ ನಿಂತರೆ ಹಣ್ಣು ಕಲ್ಲಾಗಿತ್ತು ಅಂತ ಅರ್ಥ. ಕೆಳಗಿನ ಗುಂಡಿ ಒತ್ತಿ ತಕ್ಷಣ ಮತ್ತೆ ಓಡಿಸಬೇಡಿ. ಮೋಟರ್ ತಣಿಯಲಿ, ಹಣ್ಣೂ ಅಷ್ಟರಲ್ಲಿ ಮೆತ್ತಗಾಗುತ್ತೆ. ಜಾರ್ ಮೂರರಲ್ಲಿ ಎರಡು ಪಾಲು ದಾಟಿ ತುಂಬಬೇಡಿ. ತೀರಾ ಕಮ್ಮಿ ತುಂಬಿದರೂ ಕಷ್ಟ: ದೊಡ್ಡ ಜಾರಿಗೆ 80 ಗ್ರಾಂ ಹಣ್ಣು ಹಾಕಿದರೆ ಗೋಡೆಗೆಲ್ಲ ಎರಚಿಕೊಂಡು ಬ್ಲೇಡಿಗೆ ಏನೂ ಸಿಗಲ್ಲ. ಒಂದೇ ಲೋಟಕ್ಕೆ ಸಣ್ಣ ಜಾರ್ ತಗೊಳ್ಳಿ.

ಕೈಯಲ್ಲಿ ಹಿಡಿಯೋ ಬ್ಲೆಂಡರಾದರೆ ಅಗಲ ಪಾತ್ರೆ ಬೇಡ, ಕಿರಿದಾದ ಎತ್ತರದ ಲೋಟ. ಹಣ್ಣು ಮುಕ್ಕಾಲು ಕರಗಿರಬೇಕು. ತಲೆಯನ್ನು ತಳಕ್ಕೆ ಒತ್ತಿ ಮೊದಲ 15 ಸೆಕೆಂಡು ಮೇಲೆತ್ತಬೇಡಿ, ಎತ್ತಿದರೆ ಗಾಳಿ ಎಳೆದುಕೊಂಡು ಬರೀ ನೊರೆ.

ಐಸ್ ಹಾಕೋರಿಗೆ ಒಂದು ಮಾತು. ಐಸ್ ತಣ್ಣಗೆ ಮಾಡುತ್ತೆ, ಕರಗಿ ನೀರೂ ಮಾಡುತ್ತೆ. ಅದರ ಬದಲು ಮೊಸರನ್ನೇ ಐಸ್ ಟ್ರೇನಲ್ಲಿ ಗಟ್ಟಿ ಮಾಡಿಟ್ಟು ನಾಲ್ಕು ತುಂಡು ಹಾಕಿ.

---

ಗಾಜಿನಲೋಟ:

ಎಲ್ಲರಿಗೂ ಧನ್ಯವಾದ, ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ನಿಂತ ಜಾರಿನ ಮಿಕ್ಸಿ. ಎರಡು ಸಂಶಯ ಉಳೀತು. ಒಂದು, ಬಾಳೆಹಣ್ಣು ಹಾಕಿದರೆ ಬ್ಲೂಬೆರಿಯ ಪ್ರಯೋಜನವೇ ಹೋಗುತ್ತೆ ಅಂತಾರಲ್ಲ, ನಿಜವಾ? ಎರಡು, ತಾಜಾ ಹಣ್ಣು ಸಿಕ್ಕಾಗ ಮನೆಯಲ್ಲೇ ಫ್ರೀಜ್ ಮಾಡಿದರೆ ಎಲ್ಲ ಒಂದೇ ಗಡ್ಡೆ ಆಗುತ್ತಲ್ಲ?

---

ಒಗರುಸಿಹಿ:

ಬಾಳೆಹಣ್ಣಿನ ಮಾತಿಗೆ ಆಧಾರ ಇದೆ, ಆದರೆ ಮಾತು ಬೆಳೆದುಬಿಟ್ಟಿದೆ. 2023ರಲ್ಲಿ ಫುಡ್ ಅಂಡ್ ಫಂಕ್ಷನ್ ಪತ್ರಿಕೆಯಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ಅಧ್ಯಯನ ಬಂತು. ಬಾಳೆಹಣ್ಣಿನಲ್ಲಿ ಪಾಲಿಫೀನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಜಾಸ್ತಿ. ಕೊಯ್ದಿಟ್ಟ ಬಾಳೆಹಣ್ಣು ಕಂದಾಗೋದು ಅದರಿಂದಲೇ. ಆ ಕಿಣ್ವ ಬ್ಲೂಬೆರಿಯಂಥ ಹಣ್ಣುಗಳಲ್ಲಿರೋ ಫ್ಲಾವನಾಲ್ ಅನ್ನೋ ಗುಂಪಿನ ವಸ್ತುಗಳನ್ನು ಕೆಡಿಸುತ್ತೆ. ಬಾಳೆಹಣ್ಣಿನ ಸ್ಮೂದಿ ಕುಡಿದವರ ದೇಹಕ್ಕೆ ಸೇರಿದ ಫ್ಲಾವನಾಲ್, ಬರೀ ಫ್ಲಾವನಾಲ್ ಕ್ಯಾಪ್ಸೂಲ್ ತಗೊಂಡಾಗಿನದಕ್ಕಿಂತ 84 ಶೇಕಡಾ ಕಮ್ಮಿ ಇತ್ತು. ಬೆರಿಗಳ ಸ್ಮೂದಿಯಲ್ಲಿ ಅಂಥ ಇಳಿಕೆ ಇರಲಿಲ್ಲ.

ಫ್ಲಾವನಾಲ್‌ಗೋಸ್ಕರವೇ ಕುಡಿಯೋರು ಬಾಳೆ ಬಿಟ್ಟು ಹುಳಿ ಹಣ್ಣು, ಮೊಸರು ಇಟ್ಟುಕೊಳ್ಳಲಿ. ಅಷ್ಟಕ್ಕೆ ಬ್ಲೂಬೆರಿಯ ಎಲ್ಲಾ ಗುಣ ನೀರುಪಾಲು ಅನ್ನೋದು ತಪ್ಪು. ನಾರು ಎಲ್ಲಿಗೂ ಹೋಗಲ್ಲ, ಉಳಿದ ಪೋಷಕಾಂಶಗಳಿಗೆ ಆ ಅಧ್ಯಯನ ಕೈಯೇ ಹಾಕಿಲ್ಲ.

---

ಚಮಚಲೆಕ್ಕ:

ನನ್ನ ಮತ ಬೇರೆ. ಬಾಳೆಹಣ್ಣು ಬಿಟ್ಟರೇ ರುಚಿಗೆ ಒಳ್ಳೇದು, ಕಿಣ್ವದ ಮಾತು ಆಮೇಲೆ. ಬ್ಲೂಬೆರಿಯ ವಾಸನೆ ಬಲು ಮೆಲು. ಕರಿಚುಕ್ಕೆ ಬಿದ್ದ ಬಾಳೆಹಣ್ಣು ಒಂದು ಪೂರ್ತಿ ಹಾಕಿದರೆ ಕಣ್ಣು ಮುಚ್ಚಿ ಕುಡಿದವರು ಬಾಳೆಹಣ್ಣಿನ ಸ್ಮೂದಿ ಅಂತಲೇ ಹೇಳ್ತಾರೆ. ಅರ್ಧಕ್ಕಿಂತ ಹೆಚ್ಚು ಬೇಡ. ಪೂರ್ತಿ ಬಿಡೋದಾದರೆ ಆ 60 ಗ್ರಾಂ ಜಾಗಕ್ಕೆ ಬೆಣ್ಣೆಹಣ್ಣು 40 ಗ್ರಾಂ, ಇಲ್ಲವೇ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು 60 ಗ್ರಾಂ. ಬೆಣ್ಣೆಹಣ್ಣಿಗೆ ಸಿಹಿ ಇಲ್ಲ, ಒಂದು ಖರ್ಜೂರ ಜೊತೆಗಿರಲಿ.

ಕಿವಿ ಹಣ್ಣು, ಅನಾನಸ್ ಸೇರಿಸೋ ಆಸೆ ಬಂದರೆ ಹಾಲು, ಮೊಸರಿನ ಜೊತೆ ಹಸಿಯಾಗಿ ಹಾಕಬೇಡಿ. ಅವುಗಳಲ್ಲಿ ಪ್ರೋಟೀನ್ ಒಡೆಯೋ ಕಿಣ್ವ ಇದೆ, ನಿಲ್ಲಿಸಿದಷ್ಟೂ ಕಹಿ ಏರುತ್ತೆ. ಫ್ರೀಜ್ ಮಾಡಿದರೂ ಆ ಕಿಣ್ವ ಸಾಯಲ್ಲ, ಕಾಯಿಸಿದರೆ ಮಾತ್ರ. ಬ್ಲೂಬೆರಿಯಿಂದ ಈ ಕಾಟ ಇಲ್ಲ. ಎಷ್ಟೋ ಸಲ ಕಹಿಯಾಯ್ತು ಅಂತ ಬೈಸಿಕೊಳ್ಳೋದು ಬ್ಲೂಬೆರಿ, ತಪ್ಪು ಕಿವಿಯದ್ದು.

---

ಸಿಪ್ಪೆಸಹಿತ:

ಫ್ರೀಜ್ ಮಾಡೋದು: ಹಣ್ಣಿನ ಮೇಲೆ ಬೂದಿ ಹಚ್ಚಿದಂತೆ ಕಾಣೋ ಬಿಳಿ ಪುಡಿ ಹಣ್ಣಿನದೇ ಮೇಣ, ಒಳಗಿನ ತೇವ ಕಾಯೋದು ಅದು. ಆದ್ದರಿಂದ ಫ್ರಿಜ್ಜಿಗಾಗಲಿ ಫ್ರೀಜರಿಗಾಗಲಿ ಇಡೋ ಮುಂಚೆ ತೊಳೆಯಬೇಡಿ. ತೊಳೆದು ಫ್ರೀಜ್ ಮಾಡಿದ ಹಣ್ಣಿನ ಸಿಪ್ಪೆ ಗಡುಸಾಗುತ್ತೆ, ನಮ್ಮ ತಕರಾರೇ ಸಿಪ್ಪೆಯದ್ದು. ತೊಟ್ಟು, ಎಲೆ, ಮೆತ್ತಗಾದದ್ದು, ಬೂಸ್ಟು ಬಂದದ್ದು ಆರಿಸಿ ತೆಗೆಯಿರಿ. ತಟ್ಟೆಯಲ್ಲಿ ಒಂದೇ ಪದರ, ಒಂದಕ್ಕೊಂದು ತಾಗದ ಹಾಗೆ ಹರಡಿ. ಮೂರು–ನಾಲ್ಕು ಗಂಟೆಯಲ್ಲಿ ಗೋಲಿಯಾಗುತ್ತವೆ, ತಟ್ಟೆ ಅಲ್ಲಾಡಿಸಿದರೆ ಟಣಟಣ ಅಂತ ಉರುಳಬೇಕು. ಆಗ ಚೀಲಕ್ಕೆ ಸುರಿದು ಗಾಳಿ ಹಿಂಡಿ ಮುಚ್ಚಿ. ಗಡ್ಡೆ ಕಟ್ಟೋದು ನೇರವಾಗಿ ಚೀಲದಲ್ಲೇ ಇಟ್ಟಾಗ ಮಾತ್ರ. ಮೈನಸ್ 18 ಡಿಗ್ರಿಯಲ್ಲಿ 10 ತಿಂಗಳವರೆಗೂ ಸ್ಮೂದಿಗೆ ಅಡ್ಡಿಯಿಲ್ಲ. ಬಳಸುವಾಗ ಬೇಕಾದಷ್ಟನ್ನೇ ಜರಡಿಗೆ ಹಾಕಿ ನಲ್ಲಿ ಕೆಳಗೆ ಹತ್ತು ಸೆಕೆಂಡು ತೊಳೆಯಿರಿ. ಮೊದಲೇ ಹೇಳಿದ 8–10 ನಿಮಿಷದ ಲೆಕ್ಕ ಆಗ ಅರ್ಧಕ್ಕೆ ಇಳಿಯುತ್ತೆ.

ಫ್ರೋಜನ್ ವಾಸಿಯಾ ಅಂತ ಮೊದಲು ಕೇಳಿದ್ದಿರಿ. ಸ್ಮೂದಿಗಾದರೆ ಹೌದು. ಒಳಗೆ ಕಟ್ಟಿದ ಮಂಜಿನ ಹರಳು ಕೋಶಗಳನ್ನು ಮೊದಲೇ ಒಡೆದಿರುತ್ತೆ, ಅರ್ಧ ಕೆಲಸ ಫ್ರೀಜರೇ ಮಾಡಿಕೊಟ್ಟ ಹಾಗೆ. ಬಣ್ಣವೂ ಚೆನ್ನಾಗಿ ಬಿಡುತ್ತೆ. ತಾಜಾ ಹಣ್ಣು ಹಾಗೇ ತಿನ್ನೋಕೆ ಇರಲಿ. ತಾಜಾದಲ್ಲೇ ಮಾಡಬೇಕಾದರೆ ನೀರನ್ನು 100ರಿಂದ 70ಕ್ಕೆ ಇಳಿಸಿ, ಮೊಸರು ಐಸಿನಂತೆ ಗಟ್ಟಿ ಇರಲಿ.

ಫ್ರೋಜನ್‌ನಲ್ಲಿ ಕಾಡು ಬ್ಲೂಬೆರಿ ಅಂತ ಸಿಕ್ಕರೆ ಬಿಡಬೇಡಿ. ಕಾಳು ಸಣ್ಣದಾದ್ದರಿಂದ ಅದೇ 150 ಗ್ರಾಂಗೆ ಸಿಪ್ಪೆಯ ಪಾಲು ಹೆಚ್ಚು, ಬಣ್ಣ ಗಾಢ, ಒಗರೂ ಒಂದು ಕೈ ಮುಂದೆ. ದಪ್ಪ ಹಣ್ಣಿನ ಕೃಷಿ ಶುರುವಾಗಿ ನೂರು ವರ್ಷದ ಮೇಲೆ ಸ್ವಲ್ಪ ಆಯ್ತು, ಅಷ್ಟೇ. ನ್ಯೂಜೆರ್ಸಿಯ ವೈಟ್ಸ್‌ಬಾಗ್‌ನಲ್ಲಿ ಎಲಿಜಬೆತ್ ವೈಟ್ ಮತ್ತು ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಕಾಡಿನ ಗಿಡಗಳನ್ನು ಆರಿಸಿ ಬೆಳೆಸಿದ ಮೊದಲ ಫಸಲು 1916ರಲ್ಲಿ ಮಾರಾಟಕ್ಕೆ ಬಂತು. ಅವರು ಹುಡುಕಿದ್ದು ದೊಡ್ಡ ಕಾಳನ್ನ. ಸ್ಮೂದಿಗೆ ಬೇಕಾದ್ದು ಸಣ್ಣದು, ತಮಾಷೆ ನೋಡಿ.

---

ಜಾರ್‌ಮುಚ್ಚಳ:

ಫ್ರೀಜರ್ ಕ್ರಿಮಿ ಕೊಲ್ಲುತ್ತೆ ಅನ್ನೋ ನಂಬಿಕೆ ಇದ್ದರೆ ಬಿಟ್ಟುಬಿಡಿ. ಫ್ರೋಜನ್ ಬೆರಿಗಳಿಂದ ಹೆಪಟೈಟಿಸ್ ಎ, ನೊರೊವೈರಸ್ ಹರಡಿದ ಪ್ರಸಂಗಗಳಿವೆ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಕುಡಿಯೋದಾದರೆ ಹಣ್ಣನ್ನು ಒಂದು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಬಳಸಿ. ಕುದಿಸಿದಾಗ ಪೆಕ್ಟಿನ್ ಇನ್ನಷ್ಟು ಬಿಡುತ್ತೆ, ಓಟ್ಸ್ ಬೇಕಾಗಲ್ಲ.

---

ನೊರೆಹುಲಿ:

ವ್ಹೇ ಪ್ರೋಟೀನ್ ಪುಡಿ ಹಾಕೋರಿಗೆ: ಮೊದಲ ಹಂತದಲ್ಲಿ ಹಾಕಿದರೆ ಅರ್ಧ ಜಾರ್ ನೊರೆ. ಎಲ್ಲ ಮುಗಿದ ಮೇಲೆ ಹಾಕಿ ಕಮ್ಮಿ ಸ್ಪೀಡಿನಲ್ಲಿ 8–10 ಸೆಕೆಂಡು, ಮುಗೀತು. ನೊರೆ ಬಂದೇಬಿಟ್ಟರೆ ಜಾರನ್ನು ನಾಲ್ಕೈದು ಸಲ ಮೇಜಿಗೆ ಕುಟ್ಟಿ ಎರಡು ನಿಮಿಷ ಬಿಡಿ. ಮೇಲೆ ತಿರುಳು ತೇಲಿ ಕೆಳಗೆ ತೆಳು ನೀರು ನಿಲ್ಲೋದಕ್ಕೂ ಇದೇ ಕಾರಣ: ನುಗ್ಗಿದ ಗಾಳಿ ತಿರುಳನ್ನ ಮೇಲಕ್ಕೆ ಎತ್ತುತ್ತೆ. ಹಾಗಾಗಿ ಎರಡನೇ ಹಂತದಲ್ಲಿ 20 ಸೆಕೆಂಡು ಅಂದರೆ 20 ಸೆಕೆಂಡೇ.

ಬ್ಲೂಬೆರಿ ಪುಡಿ ಬಳಸೋರಿಗೂ ಒಂದು ಲೆಕ್ಕ. ಹಣ್ಣಿನಲ್ಲಿ 84 ಶೇಕಡಾ ನೀರೇ. ಬೇರೇನೂ ಬೆರೆಸದ ಪುಡಿ 15 ಗ್ರಾಂ ಅಂದರೆ 100 ಗ್ರಾಂ ಹಣ್ಣಿಗೆ ಸಮ. ಪೊಟ್ಟಣದ ಮೇಲೆ ಮಾಲ್ಟೋಡೆಕ್ಸ್‌ಟ್ರಿನ್ ಅಂತ ಇದ್ದರೆ ಪಿಷ್ಟದ ಪುಡಿ ಬೆರೆಸಿದ್ದಾರೆ ಅಂತ ಅರ್ಥ, ಆಗ ಈ ಲೆಕ್ಕ ಕೆಡುತ್ತೆ.

---

ಗಾಜಿನಲೋಟ:

ರಾತ್ರಿ ಮಾಡಿಡೋದರ ಬಗ್ಗೆ ಯಾರೂ ಹೇಳಲಿಲ್ಲ.

---

ಚಮಚಲೆಕ್ಕ:

ಆಗುತ್ತೆ, ಆದರೆ ಪೂರ್ತಿ ಮಾಡಿಡಬೇಡಿ. ಎರಡು ದಾರಿ ಇವೆ. ಒಂದು, ಹಣ್ಣು, ಬಾಳೆತುಂಡು, ಪುಡಿ ಮಾಡಿದ ಓಟ್ಸನ್ನು ಒಂದೊಂದು ಸಲಕ್ಕೆ ಒಂದೊಂದು ಚೀಲದಂತೆ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ನೀರು, ಮೊಸರು ಸೇರಿಸಿ ತಿರುಗಿಸೋದು. ಎರಡು ಹಂತ ಇದರಲ್ಲಿ ಸ್ವಲ್ಪ ಬೆರೆತುಹೋಗುತ್ತೆ, ಅದಕ್ಕೆ ಮೊದಲ ಸುತ್ತು 20 ಸೆಕೆಂಡು ಹೆಚ್ಚು ಓಡಿಸಿ.

ಇನ್ನೊಂದು, ಮಾಡಿಯೇ ಇಡೋದು. ಓಟ್ಸ್, ಚಿಯಾ ಎರಡೂ ಬೇಡ, ಪೆಕ್ಟಿನ್ ಒಂದೇ ಸಾಕು. ನೀರು 30 ಮಿ.ಲೀ. ಜಾಸ್ತಿ. ಬಾಳೆಹಣ್ಣೂ ಬೇಡ, ಕಂದುತ್ತೆ. ನಿಂಬೆರಸ ಮಾತ್ರ ತಪ್ಪಿಸಬೇಡಿ. ಗಾಜಿನ ಬಾಟಲಿಯ ಕುತ್ತಿಗೆವರೆಗೂ ತುಂಬಿ, ಮೇಲೆ ಗಾಳಿಗೆ ಜಾಗ ಬಿಡದೆ ಮುಚ್ಚಿ, 4 ಡಿಗ್ರಿಯಲ್ಲಿಡಿ. ಒಂದು ದಿನದೊಳಗೆ ಮುಗಿಸಿ. ಬೆಳಿಗ್ಗೆ ಕಟ್ಟಿಕೊಂಡಿರುತ್ತೆ, ಕುಲುಕಿ. ಮುಚ್ಚಳ ಉಬ್ಬಿದ್ದರೆ, ತೆಗೆದಾಗ ಬುಸ್ ಅಂದರೆ, ರುಚಿ ನೋಡೋಕೂ ಹೋಗದೆ ಚೆಲ್ಲಿ.

ಕುಡಿದ ಮಾರನೇ ದಿನ ಮಲ ಕಪ್ಪು ನೀಲಿಯಾಗಿ ಬಂದರೆ ಗಾಬರಿ ಬೇಡ, ಆ ಬಣ್ಣ ಇದರದ್ದೇ ಇರಬಹುದು. ಬ್ಲೂಬೆರಿ ನಿಲ್ಲಿಸಿದ ಮೇಲೂ ಕಪ್ಪಾಗೇ ಇದ್ದರೆ ವೈದ್ಯರಿಗೆ ತೋರಿಸಿ.

---

ಜಾರ್‌ಮುಚ್ಚಳ:

ಜಾರ್ ತೊಳೆಯೋದು ಸೇರಿಸಿಬಿಡ್ತೀನಿ, ಮುಂದಿನ ಪ್ರಶ್ನೆ ಅದೇ ಬರುತ್ತೆ. ಖಾಲಿಯಾದ ಕೂಡಲೇ ಅರ್ಧ ಜಾರ್ ನೀರು, ಎರಡು ಹನಿ ಪಾತ್ರೆ ಸೋಪು ಹಾಕಿ 15 ಸೆಕೆಂಡು ಓಡಿಸಿ ಚೆಲ್ಲಿ. ಒಣಗಲು ಬಿಟ್ಟರೆ ಸಿಪ್ಪೆ ಬ್ಲೇಡಿನ ಬುಡದ ರಬ್ಬರಿನಲ್ಲಿ ಕೂತು ನಾಳೆಗೆ ವಾಸನೆ. ವಾರಕ್ಕೊಮ್ಮೆ, ಬಿಚ್ಚಲು ಬರುವಂಥದ್ದಾದರೆ, ಆ ರಬ್ಬರ್ ಬಳೆ ತೆಗೆದು ನೋಡಿ.

ಪ್ಲಾಸ್ಟಿಕ್ ಜಾರಿಗೆ ನೇರಳೆ ಹಿಡಿದಿದ್ದರೆ ವಿನೆಗರ್ ಒಂದು ಪಾಲು, ನೀರು ಎರಡು ಪಾಲು ಹಾಕಿ ಅರ್ಧ ಗಂಟೆ ಬಿಡಿ, ಉಳಿದದ್ದನ್ನ ಬಿಸಿಲಿಗಿಡಿ. ಬಟ್ಟೆಗೆ ಬಿದ್ದರೆ ಸೋಪು ಮೊದಲು ಹಚ್ಚಬೇಡಿ. ಸೋಪಿನ ಕ್ಷಾರಕ್ಕೆ ಕಲೆ ನೀಲಿಗೆ ತಿರುಗಿ ಇನ್ನೂ ಎದ್ದು ಕಾಣುತ್ತೆ. ಹಿಂಬದಿಯಿಂದ ತಣ್ಣೀರು ಬಿಟ್ಟು, ಮೇಲೆ ವಿನೆಗರ್ ಒತ್ತಿ, ಹತ್ತು ನಿಮಿಷ ಆದ ಮೇಲೆ ಒಗೆಯಿರಿ.